ಮೂರು ಸಲ ಗುಡ್ಡ ಇಳಿದ ಅಮೋಘಸಿದ್ಧ ಕಾಕಾ

ನಮ್ಮಪ್ಪನ ತಮ್ಮ ಅಮೋಘಸಿದ್ಧ ಕಾಕಾ ಹತ್ತೊಂಬತ್ತು ವರ್ಷ ಸೈನ್ಯದಲ್ಲಿದ್ದರು. ಆದರೂ ನಮ್ಮೂರು ಕವಲಾಪುರದಲ್ಲಿ ಯಾರೂ ಅವರನ್ನು ಸೈನಿಕ ಎಂದು ಲೆಕ್ಕಕ್ಕೆ ಹಿಡಿದವರಲ್ಲ. ಗಾಡಿ ಹೋಗದ ಗುಡ್ಡಗಳಿಗೆ ಹೇಸರಗತ್ತೆಯ ಮೇಲೆ ಗುಂಡು, ನೀರು, ಹಿಟ್ಟು ಸಾಗಿಸುವುದು ಅವರ ಕೆಲಸ. "ಕುರಿ ಬಿಟ್ಟು ಖಚ್ಚರ ಕಾಯಾಕ ಹೋಗ್ಯಾನ" ಎಂದು ಕುರಿ ಕಾಯುವ ನಮ್ಮ ಮನೆಯವರೇ ನಗುತ್ತಿದ್ದರು. ಕಾಕಾನೂ ಜೊತೆಗೆ ನಗುತ್ತಿದ್ದರು.

ಕಳೆದ ಮಾರ್ಚಿನಲ್ಲಿ ಮಿರಜ ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಒಬ್ಬರು ನಮ್ಮ ಮನೆಗೆ ಬಂದರು. ಹೆಸರು ಪ್ರತಾಪ, ಹಿಮಾಚಲದ ನಿವೃತ್ತ ಸೈನಿಕರು. ಒಂದು ಕಾಲು ಎಳೆದು ನಡೆಯುತ್ತಿದ್ದರು. ಕಾಕಾ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಇಪ್ಪತ್ತಾರು ವರ್ಷದಿಂದ ಒಂದು ಮಾತಿನ ಅರ್ಥ ಹುಡುಕುತ್ತಿದ್ದೇನೆ. 'ಬಂತ' ಅಂದರೆ ಏನು?" ಎಂದು ಹಿಂದಿಯಲ್ಲಿ ಕೇಳಿದರು.

ಕಾಕಾ ಹತ್ತಿರ ಬಂದು ಅವರ ಕೈ ಹಿಡಿದುಕೊಂಡರು. ಅಂದು ನಡೆದದ್ದನ್ನೆಲ್ಲ ಪ್ರತಾಪರೇ ಹೇಳಿದರು.

ಕಾರ್ಗಿಲ್ ಯುದ್ಧದ ದಿನಗಳು. ಅವರ ತುಕಡಿಯಿದ್ದ ಗುಡ್ಡದ ದಾರಿ ಶೆಲ್ ಬಿದ್ದು ಕುಸಿದಿತ್ತು. ಮೇಲೆ ನೀರು ಮುಗಿದಿತ್ತು. ಮೂವರು ಗಾಯಾಳುಗಳು ನಡೆಯಲಾರದೆ ಬಿದ್ದಿದ್ದರು. ಉಳಿದವರು ಜಾಗ ಬಿಟ್ಟು ಇಳಿಯುವಂತಿರಲಿಲ್ಲ. ಹೇಸರಗತ್ತೆಗಳು ದಾರಿ ಕುಸಿದಲ್ಲೇ ನಿಂತವು. ಆಗ ಕಾಕಾ ಒಬ್ಬರೇ ನೀರಿನ ಡಬ್ಬಿ ಬೆನ್ನಿಗೆ ಕಟ್ಟಿಕೊಂಡು ಬಂಡೆಗಳ ಸಂದಿಯಲ್ಲಿ ಹತ್ತಿ ಬಂದರಂತೆ. ನೀರಿಳಿಸಿ, ಒಬ್ಬ ಗಾಯಾಳುವನ್ನು ಹೆಗಲ ಸುತ್ತ ಹಾಕಿಕೊಂಡರು. ನಮ್ಮವರು ಕುಂಟುವ ಕುರಿಯನ್ನು, ನಾಲ್ಕೂ ಕಾಲು ಎದೆಯ ಮುಂದೆ ಹಿಡಿದು ಹೊತ್ತು ತರುತ್ತಾರಲ್ಲ, ಹಾಗೆ. ಅವನನ್ನು ಕೆಳಗೆ ಮುಟ್ಟಿಸಿ, ಮತ್ತೆ ನೀರು ಹೊತ್ತು ಹತ್ತಿದರು. ಉಸಿರಿಗೆ ಗಾಳಿ ಸಾಲದ ಆ ಎತ್ತರದಲ್ಲಿ, ನಸುಕಿನಿಂದ ಸಂಜೆಯೊಳಗೆ ಮೂರು ಸಲ. ಕಾಕಾನ ಎಡಗಾಲಿನ ಎರಡು ಬೆರಳು ಹಿಮಕ್ಕೆ ಸತ್ತದ್ದು ಆ ದಿನವೇ ಎಂದು ನಮಗೆ ಈಗ ಗೊತ್ತಾಯಿತು.

"ಮೂರನೆಯವ ನಾನು," ಎಂದರು ಪ್ರತಾಪ. "ನನ್ನ ಬಿಟ್ಟು ಹೋಗು ಅಂತ ಬೈದೆ, ಗುದ್ದಿದೆ. ಇವರು ಒಂದೇ ಸಮ 'ಬಂತ, ಬಂತ' ಅನ್ನುತ್ತಿದ್ದರು. ಕಣ್ಣು ಮುಚ್ಚಿದಾಗಲೆಲ್ಲ ಆ ದನಿ ನನ್ನನ್ನು ಎಬ್ಬಿಸುತ್ತಿತ್ತು. ಡಾಕ್ಟರ ಕೈಗೆ ಒಪ್ಪಿಸಿ ಹೋದವರು ಮತ್ತೆ ಕಾಣಲಿಲ್ಲ."

ಹೇಸರಗತ್ತೆ ದಳದ ಹಳೆಯ ಹೆಸರುಗಳನ್ನು ಹಿಡಿದು, ಬೇರೆ ಬೇರೆ ಊರುಗಳಲ್ಲಿ ಮೂರು ಮನೆ ತಿರುಗಿ, ನಾಲ್ಕನೆಯದಾಗಿ ನಮ್ಮ ಮನೆಗೆ ಬಂದಿದ್ದರು.

ನಾನೇ ಅರ್ಥ ಹೇಳಿದೆ: "ಊರು ಬಂತು, ಮುಟ್ಟಿದೆವು ಅಂತ."

"ಇನ್ನೂ ಒಂದು ತಾಸಿನ ದಾರಿ ಇತ್ತಲ್ಲ!" ಪ್ರತಾಪ ಬೆರಗಾದರು.

ಕಾಕಾ ನನ್ನ ಕಡೆ ತಿರುಗಿದರು. "ಅವರಿಗಷ್ಟ ಅಲ್ಲ ಪೂನಮ, ನನ್ನ ಕಾಲಿಗೂ ಹೇಳಿದ್ದು. ಕಾಲು ಮಾತ ಕೇಳ್ತಿರಲಿಲ್ಲ."

"ಇಷ್ಟ ವರ್ಷ ನಮಗ್ಯಾಕ ಹೇಳ್ಲಿಲ್ಲರಿ ಕಾಕಾ?"

"ಅವರು ಉಳದಾರೋ ಇಲ್ಲೋ ನನಗ ಗೊತ್ತಿರಲಿಲ್ಲ. ಸತ್ತಿದ್ರ ಏನಂತ ಹೇಳೂದು?"

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಪ್ರತಾಪ ಫೋನ್ ತೆಗೆದು, ಅಂದಿನ ಉಳಿದಿಬ್ಬರು ಗಾಯಾಳುಗಳಿಗೆ ಒಬ್ಬರಾದ ಮೇಲೊಬ್ಬರಿಗೆ ವಿಡಿಯೋ ಕಾಲ್ ಹಚ್ಚಿದರು. ಮೂವರೂ ಬದುಕಿದ್ದರು! ಒಬ್ಬರು ಟ್ರ್ಯಾಕ್ಟರ್ ಮೇಲಿದ್ದರು, ಇನ್ನೊಬ್ಬರ ತೊಡೆಯ ಮೇಲೆ ಮೊಮ್ಮಗಳಿದ್ದಳು.

ಕಾಕಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಆ ಮುಖಗಳನ್ನು ಬಹಳ ಹೊತ್ತು ನೋಡಿದರು. "ಅವತ್ತ ಮಾರಿ ನೋಡಿರಲೇ ಇಲ್ಲ," ಎಂದರು. ಬಾಗಿಲಲ್ಲಿ ನಿಂತಿದ್ದ ಸೋನಾಬಾಯಿ ಕಾಕು ಮೂವತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ಈಗಷ್ಟೇ ಬಂದ ದೊಡ್ಡ ಅತಿಥಿಯನ್ನು ನೋಡುವಂತೆ ನೋಡುತ್ತಿದ್ದರು.