ಅನುಸೂಯಾ ತಿದ್ದಿದ ಪ್ರೋಗ್ರಾಂ

ಗುಲನಾಜ ಅಥಣಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಾಳೆ. ಪ್ರೋಗ್ರಾಂ ಬರೆಯುವ ಹುಚ್ಚು ಅವಳಿಗೆ ಹತ್ತಿದ್ದು ಚಿಕ್ಕೋಡಿಯಲ್ಲಿ ಡಿಪ್ಲೊಮಾ ಓದುವಾಗ, ಮುಗಳಖೋಡದ ಅನುಸೂಯಾಳ ಜೊತೆ. ದೊಡ್ಡ ಫೈಲುಗಳನ್ನು ಒತ್ತಿ ಸಣ್ಣದು ಮಾಡುವ ಒಂದು ಲೈಬ್ರರಿ ಇತ್ತು, ಅಂದರೆ ಯಾರೋ ಬರೆದಿಟ್ಟ, ಯಾರು ಬೇಕಾದರೂ ಬಳಸಬಹುದಾದ ಕೋಡು. ಅದನ್ನು ಬಳಸುವುದು ಹೇಗೆಂದು ತೋರಿಸುವ ಮಾದರಿ ಪ್ರೋಗ್ರಾಮುಗಳನ್ನು ಇಬ್ಬರೂ ಹಂಚಿಕೊಂಡು ಬರೆದರು. ಫೈಲನ್ನು ಒತ್ತುವುದು ಗುಲನಾಜಳ ಪಾಲು, ಒತ್ತಿದ್ದನ್ನು ಬಿಚ್ಚುವುದು ಅನುಸೂಯಾಳ ಪಾಲು. ಪರೀಕ್ಷೆಗೆಂದು ಬಳಸುತ್ತಿದ್ದ ಫೈಲಿನಲ್ಲಿ ಬರೀ ಅವರ ಹರಟೆ: ಹಾಸ್ಟೆಲಿನ ನೀರು ಸಾರು, ರಾಯಬಾಗ ಬಸ್ಸಿನ ಗದ್ದಲ. ಬಿಚ್ಚಿದಾಗ ಒಂದಕ್ಷರವೂ ಹೆಚ್ಚುಕಡಿಮೆ ಆಗಿರುತ್ತಿರಲಿಲ್ಲ. ಆದರೂ ಅನುಸೂಯಾ ಮೊದಲಿನಿಂದ ಕೊನೆತನಕ ಓದಿ ನಗುತ್ತಿದ್ದಳು.

ಡಿಪ್ಲೊಮಾ ಮುಗಿಯುತ್ತಲೇ ಅವಳನ್ನು ಮಿರಜ ಕಡೆಯ ಹಳ್ಳಿಯೊಂದಕ್ಕೆ ಮದುವೆ ಮಾಡಿ ಕೊಟ್ಟರು. ಫೋನ್ ನಂಬರು ಬದಲಾಯಿತು. ಗುಲನಾಜ ಮುಗಳಖೋಡಕ್ಕೆ ಹೋಗಿ ಅವಳ ತಾಯಿ ಸಕ್ಕುಬಾಯಿಯನ್ನು ಕೇಳಿದಳು.

"ಆರಾಮ ಅದಾಳವ್ವಾ. ನಂಬರ ಕೊಟ್ರ ಗಂಡನ ಮನ್ಯಾಗ ಸೇರಂಗಿಲ್ಲ," ಎಂದು ಸಕ್ಕುಬಾಯಿ ಚಹಾ ಮುಂದಿಟ್ಟಳು.

ಮುಂದೆ ತನ್ನ ವಿದ್ಯಾರ್ಥಿಗಳಿಗೆಂದು ಗುಲನಾಜ ಆ ಪ್ರೋಗ್ರಾಮುಗಳನ್ನು ಕನ್ನಡ ವಿವರಣೆ ಸಮೇತ ಯಾರು ಬೇಕಾದರೂ ನೋಡಿ ತಿದ್ದುಪಡಿ ಕಳಿಸಬಹುದಾದ ಒಂದು ಇಂಟರ್ನೆಟ್ ತಾಣಕ್ಕೆ ಹಾಕಿದಳು. ಇಬ್ಬರ ಹೆಸರನ್ನೂ ಬರೆದಳು.

ಈ ಬೇಸಿಗೆಯಲ್ಲಿ ಹೆಸರಿಲ್ಲದ ಖಾತೆಯೊಂದರಿಂದ ತಿದ್ದುಪಡಿ ಬಂತು. ಗುಲನಾಜಳ ಪ್ರೋಗ್ರಾಂ ಇಡೀ ಫೈಲನ್ನು ಒಮ್ಮೆಗೇ ಮೆಮೊರಿಗೆ ತುಂಬಿಕೊಳ್ಳುತ್ತಿತ್ತು. ಫೈಲು ತೀರ ದೊಡ್ಡದಿದ್ದರೆ ಕಂಪ್ಯೂಟರ್ ನಿಂತೇಬಿಡುತ್ತಿತ್ತು. ತಿದ್ದಿದ ಪ್ರೋಗ್ರಾಂ ಸ್ವಲ್ಪ ಓದಿ, ಒತ್ತಿ, ಬರೆದು, ಮತ್ತೆ ಸ್ವಲ್ಪ ಓದುತ್ತಿತ್ತು. ಪಕ್ಕದಲ್ಲಿ ವಿವರಣೆ: "ಗಬಗಬ ನುಂಗಬ್ಯಾಡ, ತುತ್ತು ತುತ್ತು ತಿನ್ನು."

ಕ್ಲಾಸಿಗೆ ಹೊತ್ತಾಯಿತೆಂದು ಗುಲನಾಜ ಮೆಸ್ಸಿನಲ್ಲಿ ಅವಸರ ಮಾಡಿದಾಗಲೆಲ್ಲ ಅನುಸೂಯಾ ಅನ್ನುತ್ತಿದ್ದ ಮಾತದು.

"ಅನೂ, ನೀ ಏನ?" ಎಂದು ಗುಲನಾಜ ಆ ತಿದ್ದುಪಡಿಯ ಕೆಳಗೆ ಬರೆದಳು.

ಮರುದಿನ ಉತ್ತರ ಬಂತು. "ಹೌದ ಬೇ ಗುಲ್ಲೂ. ಇಲ್ಲಿ ಎಲ್ಲಾ ಮರಾಠಿ. ಕನ್ನಡ ಓದಬೇಕನಿಸಿದಾಗ ನಮ್ಮ ಪ್ರೋಗ್ರಾಂ ತಗದು ಓದ್ತೀನಿ."

ಗುಲನಾಜ ತನ್ನ ಫೋನ್ ನಂಬರು ಕಳಿಸಿದಳು. ಒಂದು ರವಿವಾರ ನಡುವಿನ ಊರಾದ ಕಾಗವಾಡದ ಬಸ್‌ಸ್ಟ್ಯಾಂಡಿನಲ್ಲಿ ಸೇರುವುದೆಂದಾಯಿತು. ಗುಲನಾಜ ಸೇಂಗಾ ಹೋಳಿಗೆ ಕಟ್ಟಿಕೊಂಡು ಹೋದಳು. ಮಿರಜದ ಬಸ್ಸುಗಳು ಬಂದವು, ಹೋದವು. ಇಳಿದವರಲ್ಲಿ ಅನುಸೂಯಾ ಇರಲಿಲ್ಲ. ಇಳಿಹೊತ್ತಿಗೆ ಅವಳ ಫೋನ್ ಬಂತು.

"ಅತ್ತಿಯವರಿಗೆ ಜ್ವರ ಬಂದಾವ ಬೇ. ಬಿಟ್ಟು ಬರಾಕ ಆಗಲಿಲ್ಲ. ಸಿಟ್ಟ ಬಂತೇನ?"

"ಇಲ್ಲ," ಎಂದಳು ಗುಲನಾಜ. "ನಿನ್ನ ದನಿ ಮೊದಲಿನಂಗ ಐತಿ."

ಅಥಣಿಯ ಬಸ್ಸು ಬಂತು. ಗುಲನಾಜ ಫೋನ್ ಇಡದೆಯೇ ಹತ್ತಿದಳು.

ಮಳೆಗಾಲ ಶುರುವಾಯಿತು. ಭೇಟಿ ಇನ್ನೂ ಆಗಿಲ್ಲ. ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ತಿದ್ದುತ್ತಾಳೆ. ಹೊಸ ಮಾದರಿಗಳು ಸೇರುತ್ತಲೇ ಇವೆ. ಮೊನ್ನೆ ಅಂಥದೊಂದು ತಿದ್ದುಪಡಿ ಒಪ್ಪಿಕೊಂಡು ಗುಲನಾಜ ಕೆಳಗೆ ಬರೆದಳು: "ಪ್ರೋಗ್ರಾಂ ಛಲೋ ಆಗೇತಿ. ಆದ್ರ ನನಗ ನಿನ್ನ ಮುಖ ನೋಡಬೇಕಾಗೇತಿ."

ಉತ್ತರ ಕೂಡಲೇ ಬಂತು: "ನನಗೂ."