ಕ್ಲಚ್ಚಿಗೆ ಹಾಕಿದ ಭಸ್ಮ

ಗಾಣಗಾಪುರದಲ್ಲಿ ನಮ್ಮ ಮನೆಯವರು ಓಡಿಸುತ್ತಿದ್ದ ಜೀಪು ಮಿಲಿಟರಿಯವರು ಹರಾಜು ಹಾಕಿದ್ದು. ಸ್ಟೇಷನ್ನಿನಿಂದ ಗುಡಿಗೆ, ಗುಡಿಯಿಂದ ಸಂಗಮಕ್ಕೆ ಯಾತ್ರಿಕರನ್ನು ಹೇರುವುದು ಅದರ ಕೆಲಸ. ಮಳೆಗಾಲದ ಎರೆಮಣ್ಣಿನಲ್ಲಿ ಬಸ್ಸು ಕೈಚೆಲ್ಲಿದರೂ ತಮ್ಮ ಜೀಪು ನಾಲ್ಕೂ ಚಕ್ರ ತಿರುಗಿಸಿಕೊಂಡು ದಾಟುತ್ತದೆಂದು ಅವರಿಗೆ ಎಲ್ಲಿಲ್ಲದ ಹೆಮ್ಮೆ. ಎಂಬತ್ತರ ದಶಕದ ಒಂದು ಶ್ರಾವಣದಲ್ಲಿ ಅದರ ಕ್ಲಚ್ ಜಾರತೊಡಗಿತು. ಎಂಜಿನ್ ಒದರುತ್ತದೆ, ಗಾಡಿ ಕದಲುವುದಿಲ್ಲ. ಎಣ್ಣೆ ಸೋರಿ ಕ್ಲಚ್ ಪ್ಲೇಟಿಗೆ ಹತ್ತಿದೆ, ಗೇರ್ ಬಾಕ್ಸ್ ಇಳಿಸಿ ಹೊಸ ಪ್ಲೇಟು ಹಾಕಬೇಕು ಎಂದು ಅಫಜಲಪುರದ ಮಿಸ್ತ್ರಿ ಹೇಳಿದ. ಇವರು ಹುಣ್ಣಿಮೆಯ ಯಾತ್ರಿಕರ ಗದ್ದಲ ಹೋಗಲಿ ಎಂದರು. ಆಮೇಲೆ ಅಮಾವಾಸ್ಯೆ ಹೋಗಲಿ ಎಂದರು. ನಮ್ಮ ಊರಿನಲ್ಲಿ ಇವೆರಡೂ ಮುಗಿಯುವಂಥವಲ್ಲ.

ಅಂಥದರಲ್ಲಿ ಒಂದು ಬೆಳಿಗ್ಗೆ ಗುಡಿ ಓಣಿಯ ಲಾಡ್ಜಿನ ಫೋನಿಗೆ ನನ್ನ ಅಣ್ಣನ ಸುದ್ದಿ ಬಂತು. ಅಪ್ಪ ಹೋಗಿಬಿಟ್ಟಿದ್ದ. "ಹೊತ್ತು ಮುಳುಗೂತನಕ ಇಟ್ಕೊಂಡಿರ್ತೇವಿ, ತಂಗೀನ ಕರ್ಕೊಂಡು ಬರ್ರಿ" ಎಂದಿದ್ದನಂತೆ. ನಮ್ಮ ಮನೆತನದಲ್ಲಿ ಹೆಣವನ್ನು ರಾತ್ರಿ ಇಟ್ಟುಕೊಳ್ಳುವುದಿಲ್ಲ. ವಿಭೂತಿ ಹಚ್ಚಿ, ಕುರ್ಚಿಯಲ್ಲಿ ಕೂರಿಸಿ, ಬೆಳಕಿರುವಾಗಲೇ ಹೊಲದಲ್ಲಿ ಮಣ್ಣು ಮಾಡಿಬಿಡುತ್ತಾರೆ. ನನ್ನ ತವರು ಹಿರೋಳ್ಳಿಯಿಂದಾಚೆ, ಹಳ್ಳದ ಆ ಕಡೆ. ಆಳಂದದ ಬಸ್ಸು ಆಗಲೇ ಹೋಗಿದ್ದರಿಂದ ಜೀಪಿನಲ್ಲೇ ಹೊರಟೆವು. ನನಗೆ ಬೇಕಾಗಿದ್ದದ್ದು ಒಂದೇ, ಅಪ್ಪನ ಮುಖವನ್ನು ಕೊನೆಯ ಸಲ ನೋಡುವುದು.

ಆಳಂದ ಇನ್ನೂ ದೂರವಿದ್ದಾಗಲೇ ಒಂದು ಏರಿನಲ್ಲಿ ಜೀಪು ನಿಂತಿತು. ಎಂಜಿನ್ನಿನ ಕೂಗಿಗೆ ಹೊಲದಲ್ಲಿದ್ದ ಎತ್ತುಗಳು ತಲೆಯೆತ್ತಿದವು. ಡ್ರೈವರುಗಳಿಗೆಲ್ಲ ಗೊತ್ತಿದ್ದ ಒಂದು ಉಪಾಯವಿತ್ತು. ಕ್ಲಚ್ಚಿನ ಕೆಳಗಿನ ಕಿಂಡಿಯಿಂದ ಒಣ ಹುಡಿಮಣ್ಣು ತೂರಿದರೆ ಅದು ಎಣ್ಣೆ ಹೀರಿಕೊಂಡು ಪ್ಲೇಟು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೆ ಮೂರು ದಿನದಿಂದ ಮಳೆ. ಕಣ್ಣು ಹಾಯುವಷ್ಟು ದೂರ ಒಂದು ಚಿಟಿಕೆ ಒಣಮಣ್ಣಿಲ್ಲ. ಇವರು ಹುಡುಕಿ ಹುಡುಕಿ ಬಂದು, ಸೀಟಿನ ಕೆಳಗಿನಿಂದ ಒಂದು ಗಂಟು ತೆಗೆದರು. ಸಂಗಮದ ಹತ್ತಿರದ ಭಸ್ಮದ ಗುಡ್ಡದಿಂದ ತಂದ ಭಸ್ಮ. ಯಾತ್ರಿಕರಿಗೆ ಕೊಡಲೆಂದು ಇಟ್ಟಿದ್ದು.

"ಅದನ್ನ ಹಾಕ್ತೀರೇನ್ರಿ?" ಎಂದೆ.

"ನಮ್ಮ ಗುಡಿ ಮಹಾರಾಜರದ್ದೇ ಅದ. ಮಣ್ಣಿಗಿಂತ ಕಡಿಮಿ ಹಿಡೀತದೇನು?" ಎಂದು ಹಣೆಗೆ ಒಂದಿಷ್ಟು ಹಚ್ಚಿಕೊಂಡು, ಕೆಸರಲ್ಲಿ ಅಂಗಾತ ಮಲಗಿ, ಗಂಟಿನಿಂದ ಮುಷ್ಟಿ ಮುಷ್ಟಿ ತೂರಿದರು.

ಹಿಡಿಯಿತು. ಸುಳ್ಳೇಕೆ ಹೇಳಲಿ, ಜೀಪು ಒಮ್ಮೆ ಜಗ್ಗಿ ಏರು ಹತ್ತಿದಾಗ ನಾನೂ ಕೈಮುಗಿದೆ.

ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಾಡಿಗೆ ಜೀಪು ಹೊರಟು ನಿಂತಿತ್ತು. ಅದರ ಡ್ರೈವರು ಇವರ ಗುರುತಿನವನು. ನಮ್ಮ ಗಾಡಿಯ ದನಿ ಕೇಳಿ, ಹೊರಟ ಕಾರಣ ವಿಚಾರಿಸಿ, "ನಿಮ್ಮ ಪ್ಲೇಟು ಸುಟ್ಟದ ನೋಡ್ರಿ. ಅಕ್ಕಾರನ್ನ ಇದ್ರಾಗ ಕುಂದ್ರಸ್ರಿ, ಹಳ್ಳದತನಕ ಬಿಡ್ತೇನಿ" ಎಂದ. ನಾನು ಒಂದು ಕಾಲು ಕೆಳಗಿಟ್ಟಿದ್ದೆ.

"ಬ್ಯಾಡ, ಕುಂದ್ರು" ಎಂದರು ಇವರು. "ದೇವರ ಭಸ್ಮ ಹಾಕಿ ನಡಸಾಕತ್ತೇನಿ. ಈಗ ನಡುಹಾದ್ಯಾಗ ಗಾಡಿ ಬಿಟ್ರ ಅವನ ಮ್ಯಾಲ ನಂಬಿಗಿ ಇಲ್ಲ ಅಂದಂಗ ಆಗ್ತದ."

"ನಂಬಿಗಿ ಆಮ್ಯಾಲ ಇಟ್ಕೊಳ್ರಿ. ಅಲ್ಲಿ ನಮ್ಮಪ್ಪ ಕುಂತಾನ" ಎಂದೆ. ಅಷ್ಟರಲ್ಲಿ ಗೇರ್ ಹಾಕಿಬಿಟ್ಟಿದ್ದರು. ಆ ಹೊತ್ತಿನಲ್ಲಿ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ದೇವರ ಮೇಲಲ್ಲ. ಅವನು ಕ್ಲಚ್ ಹಿಡಿದುಕೊಂಡಿರುತ್ತೇನೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಹಿರೋಳ್ಳಿ ದಾಟಿ ಡಾಂಬರು ಬಿಟ್ಟು ಎರೆಮಣ್ಣಿಗೆ ಇಳಿದೆವು. ಮುಂದಿನ ಚಕ್ರಗಳಿಗೂ ಗೇರ್ ಹಾಕಿದರು. ಹಳ್ಳಕ್ಕಿಂತ ಮುಂಚಿನ ದಿಬ್ಬದ ಮೇಲೆ ಸುಟ್ಟ ವಾಸನೆ ಬಂತು, ಹೊಗೆ ಬಂತು, ಆಮೇಲೆ ಏನೂ ಬರಲಿಲ್ಲ. ಆ ಕಡೆಯ ಏರಿನ ಮೇಲೆ ನಮ್ಮ ಮನೆ, ಮನೆಯ ಮುಂದೆ ಜನ ಕಪ್ಪಗೆ ಕಾಣುತ್ತಿದ್ದರು. ಇವರು ಮತ್ತೆ ಗಾಡಿಯ ಕೆಳಗೆ ನುಸುಳಿದರು. "ಸ್ವಲ್ಪ ತಡಿ, ಇನ್ನೊಮ್ಮೆ ನೋಡ್ತೇನಿ" ಎಂದರು. ಗಂಟಿನಲ್ಲಿ ಉಳಿದಿದ್ದ ಭಸ್ಮವನ್ನೂ ಕೊಡವಿ ಹಾಕಿದರು. ಎಂಜಿನ್ ಒದರಿತು. ಗಾಡಿ ಅಲ್ಲೇ ಇತ್ತು.

ನಾನು ಇಳಿದು ನಡೆದೆ. ಚಪ್ಪಲಿ ಕೆಸರಲ್ಲೇ ಉಳಿಯಿತು. ಹೆಜ್ಜೆ ಹೆಜ್ಜೆಗೂ ಕಾಲಿಗೆ ಮಣ್ಣು ಮೆತ್ತಿ ಎತ್ತಲಾಗುತ್ತಿರಲಿಲ್ಲ. ಹಳ್ಳದಲ್ಲಿ ನೀರಿತ್ತು; ಆಳ ಕಡಿಮೆ ಇದ್ದ ಕಡೆ ಹುಡುಕಿಕೊಂಡು ಸುತ್ತಿ ದಾಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಏರಿನಲ್ಲಿ ಎದುರಿಗೆ ಗಂಡಸರು ಬರುತ್ತಿದ್ದರು, ಹೆಗಲ ಮೇಲೆ ಸಲಿಕೆ. ನನ್ನನ್ನು ನೋಡಿ ಮಾತು ನಿಲ್ಲಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅವ್ವ ಹೊಸ್ತಿಲಲ್ಲಿ ಕುಳಿತಿದ್ದಳು. "ನಿಮ್ಮಪ್ಪನ ಮಾರಿ ಹಾದಿ ಕಡಿಗಿ ಮಾಡಿ ಕುಂದ್ರಿಸಿದ್ವಿ ಯವ್ವಾ" ಎಂದಳು. "ನೀ ಬಂದಿ ಅಂದ್ರ ದೂರದಿಂದಾನ ನಿಮ್ಮಪ್ಪ ಕಾಣಲಿ ಅಂತ."

ಅಣ್ಣ ನನ್ನ ಕೆಸರು ಕಾಲುಗಳನ್ನೇ ನೋಡುತ್ತಿದ್ದ. ಆಮೇಲೆ ದಿಬ್ಬದ ಕಡೆ ನೋಡಿದ. "ಆ ಜೀಪು ನಿಮ್ದೇನು?" ಎಂದ.

ಹೌದು ಎಂದೆ.

"ಕಂಡಿತ್ತು" ಎಂದ ಅಣ್ಣ. "ಭಾಳ ಹೊತ್ತು ನೋಡಿದ್ವಿ. ಅಲ್ಲಾಡಲಿಲ್ಲ. ಬ್ಯಾರೆ ಯಾರದೋ ಗಾಡಿ ಕೆಸರಾಗ ಹುಗದದ ಅಂದ್ಕೊಂಡು ಎತ್ತಿಬಿಟ್ವಿ. ನೀ ಆಗಿದ್ರ ಅಲ್ಲಿತನ ಬಂದು ನಿಂದ್ರತಿದ್ದಿಲ್ಲಲ್ಲ."

ನಮ್ಮ ಮನೆಯವರು ಅಷ್ಟರಲ್ಲಿ ಬಂದು ನನ್ನ ಹಿಂದೆ ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ.