ಕಿರ್ರೆನ್ನದ ಕುರ್ಚಿ

ಊರಿನ ಮುಖ್ಯಬೀದಿ ಒಂದು ಗಂಭೀರ ಬಿಕ್ಕಟ್ಟಿನಲ್ಲಿದೆ. ಹಳೆಯ ಚಿತ್ರಮಂದಿರದ ಮೂರನೇ ಸಾಲಿನ ಗೋಡೆಪಕ್ಕದ ಕುರ್ಚಿ ಸದ್ದು ಮಾಡುವುದನ್ನು ನಿಲ್ಲಿಸಿದೆ.

ಇದಕ್ಕೆ ಕಾರಣರಾದವರು ಬೆಳಕು ಹರಿಯುವ ಮುಂಚೆಯೇ ಬಂದು ಅದೇ ಕುರ್ಚಿಯ ಅಡಿಯಲ್ಲಿ ಅಂಗಾತ ಮಲಗಿದ್ದಾರೆ. ಬಾಯಲ್ಲಿ ಟಾರ್ಚು, ಕೈಯಲ್ಲಿ ಸ್ಪ್ಯಾನರು, ಮೂಗಿನ ಮೇಲೆ ತುಕ್ಕು. ಬೀದಿಯವರೆಲ್ಲ ಇವರನ್ನು ಕರೆಯುವುದು ಸ್ಪ್ರಿಂಗಕ್ಕ ಎಂದು. ವರ್ಷಗಟ್ಟಲೆ ಬೀಗ ಬಿದ್ದಿದ್ದ ಚಿತ್ರಮಂದಿರ ಇಂದು ಸಂಜೆ ಮತ್ತೆ ತೆರೆಯುತ್ತಿದೆ. ಅದರ ಕುರ್ಚಿಗಳ ಮೆತ್ತೆ, ಸ್ಪ್ರಿಂಗು, ಬೋಲ್ಟು ಎಲ್ಲವನ್ನೂ ಸರಿಮಾಡಿದ್ದು ಇವರೊಬ್ಬರೇ. ಜನ ನೋಡುವುದು ಪರದೆಯನ್ನು. ಕೂತಿದ್ದು ಯಾವುದರ ಮೇಲೆ ಎಂದು ನೋಡುವುದು ಪ್ಯಾಂಟು ಹರಿದಾಗ ಮಾತ್ರ.

ದೂರು ತಂದವರು ಎದುರಂಗಡಿಯ ವಾಚ್ ರಿಪೇರಿಯವರು. ನಿನ್ನೆ ಬಂದು ಆ ಕುರ್ಚಿಯಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಮುಖ ಸಪ್ಪಗಾಯಿತು.

“ಏನಕ್ಕ, ಇದರ ಪ್ರಾಣಾನೇ ತೆಗೆದುಬಿಟ್ಟಿದ್ದೀಯಲ್ಲ! ಚಿಕ್ಕವನಿದ್ದಾಗ ವಿಲನ್ ಬಂದಾಗೆಲ್ಲ ಇದನ್ನ ಕಿರ್ರ್ ಅನ್ನಿಸ್ತಿದ್ದವನು ನಾನೇ. ಇಡೀ ಥಿಯೇಟರು ಬೆಚ್ಚಿಬೀಳ್ತಿತ್ತು.”

ಸ್ಪ್ರಿಂಗಕ್ಕನ ಕೈಯಲ್ಲಿದ್ದ ಎಣ್ಣೆಡಬ್ಬಿ ಅಲ್ಲೇ ನಿಂತಿತು.

ಅವರು ಬೆಳೆದದ್ದು ಇದೇ ಗೋಡೆಯ ಆಚೆ. ಅಪ್ಪನ ಮೆತ್ತೆ ಅಂಗಡಿಗೂ ಚಿತ್ರಮಂದಿರಕ್ಕೂ ನಡುವೆ ಇರುವುದು ಇದೊಂದೇ ಗೋಡೆ. ಇನ್ನೊಂದು ಪಕ್ಕ ಗಾಜಿನ ಭರಣಿಗಳ ಪೆಪ್ಪರಮೆಂಟ್ ಅಂಗಡಿ, ಅದರಾಚೆ ಚಪ್ಪಲಿ ಅಂಗಡಿ. ಅಲ್ಲಿಯವರು ಅಳತೆ ತೆಗೆಯುವಾಗ ಕಚಗುಳಿ ಇಡುತ್ತಾರೆಂದು ಮಕ್ಕಳು ಬೇಡದ ಚಪ್ಪಲಿಗೂ ಕಾಲು ಚಾಚುತ್ತಿದ್ದರು. ಸಿನಿಮಾಕ್ಕೆ ಮಾತ್ರ ಅಪ್ಪ ಕಳಿಸುತ್ತಿರಲಿಲ್ಲ. “ಪುಕ್ಕಟೆ ಕೇಳಿಸುವಾಗ ನೋಡೋದು ಯಾಕೆ?” ಎನ್ನುವುದು ಅವರ ವಾದ. ಮಗಳು ಮೆತ್ತೆಗೆ ನಾರು ತುಂಬುತ್ತ, ಗೋಡೆಗೆ ಕಿವಿ ಕೊಟ್ಟು ಸಿನಿಮಾ ಕೇಳುತ್ತಿದ್ದಳು.

“ಪ್ರತಿ ಸಿನಿಮಾದಲ್ಲೂ ಅದೇ ಬಾಗಿಲು ಕಿರ್ರ್ ಅಂತಿತ್ತು. ಆ ವಿಲನ್ನಿಗೆ ಒಂದು ತೊಟ್ಟು ಎಣ್ಣೆಗೂ ಗತಿ ಇಲ್ವಾ ಅಂದ್ಕೊಳ್ತಿದ್ದೆ. ಕೇಳಿದ ತಕ್ಷಣ ಹೆದರಿ ಮೆತ್ತೆಯೊಳಗೆ ಮುಖ! ಈಗ ನೋಡಿದ್ರೆ ಬಾಗಿಲೂ ಇಲ್ಲ, ಏನೂ ಇಲ್ಲ. ನಾನೇ ಕೈಯಾರೆ ಎಣ್ಣೆ ಕುಡಿಸಿ ಮಲಗಿಸಿದ ಕುರ್ಚಿ ಅದು,” ಎಂದರು ಸ್ಪ್ರಿಂಗಕ್ಕ.

ಸಂಜೆಯೊಳಗೆ ಆ ಸದ್ದು ಮರಳಬೇಕು. ಆದರೆ ಸದ್ದಡಗಿಸುವುದು ಇವರ ಕಸುಬು. ಸದ್ದೆಬ್ಬಿಸುವುದನ್ನು ಯಾರೂ ಕಲಿಸಿಲ್ಲ. ನಿನ್ನೆ ಎಣ್ಣೆ ತೊಳೆದರು; ಕುರ್ಚಿ ಕೆಮ್ಮಿತು. ಬೋಲ್ಟು ಬಿಗಿದರು, ಬಾತುಕೋಳಿಯಂತೆ ಕೂಗಿತು.

“ಇದಕ್ಕೆ ವಿಲನ್ ಬರಲ್ಲಕ್ಕ, ಕಾಮಿಡಿಯವನು ಬರ್ತಾನೆ,” ಎಂದರು ವಾಚಿನವರು.

“ನಿನ್ನ ಗಡಿಯಾರಗಳು ತೋರಿಸೋ ಟೈಮಿಗಿಂತ ವಾಸಿ, ಸುಮ್ನಿರಯ್ಯ!”

ಈಗ ಸ್ಪ್ರಿಂಗಕ್ಕ ಗುಜರಿ ಡಬ್ಬಿ ಕೆದಕಿ, ತಾವೇ ಕಿತ್ತೆಸೆದಿದ್ದ ತುಕ್ಕುಹಿಡಿದ ವಾಷರನ್ನು ಮತ್ತೆ ಕೂರಿಸುತ್ತಾರೆ. ಅಂಗಡಿ ತೆರೆಯಲು ಬಂದ ವಾಚಿನವರನ್ನು ಎಳೆತಂದು ಕುರ್ಚಿಗೆ ದಬ್ಬಿ ಹೊರಡುತ್ತಾರೆ. “ಅಲ್ಲಾಡ್ತಾ ಇರು. ಸರಿಯಾದ್ರೆ ಗೋಡೆ ತಟ್ತೀನಿ.”

ಅಪ್ಪನ ಅಂಗಡಿ ಈಗ ಇವರದು. ಒಳಗೆ ಹೋಗಿ, ಮಡಿಲಲ್ಲಿ ಮೆತ್ತೆ ಇಟ್ಟುಕೊಂಡು ಗೋಡೆಗೆ ಕಿವಿ ಕೊಡುತ್ತಾರೆ.

ಕಿರ್ರ್.

ಅರವತ್ತು ದಾಟಿದ ಸ್ಪ್ರಿಂಗಕ್ಕ ಮೆತ್ತೆಯೊಳಗೆ ಮುಖ ಹುದುಗಿಸುತ್ತಾರೆ. ಗೋಡೆ ತಟ್ಟುವುದು ಮರೆತೇಹೋಗುತ್ತದೆ.

“ಅಕ್ಕಾ, ಆಯ್ತೋ ಇಲ್ವೋ? ಸೊಂಟ ಬಿದ್ದುಹೋಯ್ತು ನಂದು!”

ನಗುತ್ತಲೇ ಗೋಡೆ ತಟ್ಟುತ್ತಾರೆ.

“ಸಂಜೆಗೆ ಪಕ್ಕದ ಸೀಟು ಹಿಡಿದಿಡ್ಲಾ?”

“ಬೇಡಪ್ಪ, ನಾನು ಇಲ್ಲೇ ಕೂತು ಕೇಳ್ತೀನಿ. ವಿಲನ್ ಬಂದಾಗ ಮಾತ್ರ ಮರೀಬೇಡ.”

ಮೂರನೇ ಸಾಲಿನ ಗೋಡೆಪಕ್ಕದ ಕುರ್ಚಿ ಈಗ ಸದ್ದು ಮಾಡುತ್ತದೆ.